ಮನೆತನದ ಚರಿತ್ರೆಗೆ ಗ್ರಾಮನಕ್ಷೆ

ನಮ್ಮ ಮೂಲದ ಊರು ಇಂಥದು ಎಂದು ಅಜ್ಜ ಹೇಳುತ್ತಾರೆ. ಆದರೆ ಆ ಹೆಸರಿನ ಊರು ಈಗ ಎಲ್ಲಿಯೂ ಕಾಣದು. ಹಾಗಾದರೆ ಅದು ಬರಿಯ ಕಟ್ಟುಕಥೆಯೇ? ಅವಸರದ ತೀರ್ಮಾನ ಸಲ್ಲದು. ಜನರು ಬಿಟ್ಟುಹೋದ ಊರು ಕಂದಾಯದ ದಾಖಲೆಯಲ್ಲಿ ‘ಬೇಚರಾಕ್ ಗ್ರಾಮ’ವಾಗಿ ಉಳಿದಿರಬಹುದು. ಬೇಚರಾಕ್ ಎಂದರೆ ದೀಪವಿಲ್ಲದ್ದು. ಮನೆಗಳು ಅಳಿದರೂ ನಕ್ಷೆಯಲ್ಲಿ ಅದರ ಹೆಸರೂ ಎಲ್ಲೆಗಳೂ ಇರುತ್ತವೆ.

ನಕ್ಷೆಯನ್ನು ಓದುವ ಕ್ರಮವನ್ನು ಈಗ ನೋಡೋಣ. ಹಳೆಯ ಮೈಸೂರು ಸೀಮೆಯ ಗ್ರಾಮನಕ್ಷೆಗಳ ಪ್ರಮಾಣ ಸಾಮಾನ್ಯವಾಗಿ 1 : 7,920. ಅಂದರೆ ನಕ್ಷೆಯ 1 ಅಂಗುಲವು ನೆಲದ ಮೇಲೆ 660 ಅಡಿ. ಮೋಜಣಿಯ ಗಂಟರ್ ಸರಪಳಿಯ ಉದ್ದ 66 ಅಡಿ. ಆದುದರಿಂದ 1 ಅಂಗುಲಕ್ಕೆ 10 ಸರಪಳಿ. 10 ಚದರ ಸರಪಳಿಗೆ 1 ಎಕರೆಯಾದುದರಿಂದ, ನಕ್ಷೆಯ 1 ಚದರ ಅಂಗುಲವು 10 ಎಕರೆಯಾಗುತ್ತದೆ.

ಹೊಲವೊಂದು ನಕ್ಷೆಯಲ್ಲಿ 1 ಅಂಗುಲ ಉದ್ದ, 0.4 ಅಂಗುಲ ಅಗಲವಿದೆ ಎನ್ನೋಣ. ಅದರ ವಿಸ್ತೀರ್ಣ 4 ಎಕರೆ. ಕೆರೆಯ ಕೆಳಗೆ ನಾಲ್ಕೆಕರೆ ಗದ್ದೆಯಿತ್ತೆಂಬ ಅಜ್ಜಿಯ ಮಾತನ್ನು ಹೀಗೆ ಒರೆಗೆ ಹಚ್ಚಬಹುದು. ಮುಂದೆ ಆ ಸರ್ವೆ ನಂಬರು ಪೋಡಿಯಾಗಿದ್ದರೆ, ಅದು ಅಣ್ಣತಮ್ಮಂದಿರ ಪಾಲಿರಬಹುದು, ಮಾರಾಟವೂ ಇರಬಹುದು. ನಕ್ಷೆಯು ಗೆರೆಯನ್ನಷ್ಟೇ ತೋರಿಸುತ್ತದೆ. ಹೆಸರಿಗೆ ಹಳೆಯ ಪಹಣಿ ಮೊದಲಾದ ಕಂದಾಯದ ಪುಸ್ತಕಗಳನ್ನು ನೋಡಬೇಕು.

ಒಂದು ಮಾತನ್ನು ಮರೆಯಬಾರದು. ಭೂಮಿಯಿಲ್ಲದ ಮನೆತನಗಳ ಹೆಸರು ಈ ಪುಸ್ತಕಗಳಲ್ಲಿ ದೊರೆಯುವುದು ಅಪರೂಪ. ಅವರ ಚರಿತ್ರೆಗೆ ಹಿರಿಯರ ನೆನಪೇ ಮುಖ್ಯ ಆಧಾರ. ಆದುದರಿಂದ ನಾವು ನಕ್ಷೆಯನ್ನು ಮುಂದಿಟ್ಟುಕೊಂಡು, ಅವರಿರುವಾಗಲೇ ಕೇಳಿ ಬರೆದುಕೊಳ್ಳಬೇಕು.