ಕಾಫಿ ಅಂಗಡಿಯ ಸಾಮಾಜಿಕ ಹೊಣೆ ಮತ್ತು ಗಿರಾಕಿಯ ಮನೋಭಾವ

ವ್ಯಾಪಾರದ ಗುರಿ ಲಾಭವೊಂದೇ ಎಂಬ ಭಾವನೆ ಬಹುಕಾಲದಿಂದ ನಡೆದುಬಂದಿದೆ. ಆದರೆ ಅಂಗಡಿಯು ಸಮಾಜದ ನಡುವೆಯೇ ನಿಂತಿರುವುದರಿಂದ, ಸಮಾಜಕ್ಕೆ ಅದು ಸಲ್ಲಿಸಬೇಕಾದ ಋಣವೊಂದುಂಟು. ಇದನ್ನೇ ವಾಣಿಜ್ಯಶಾಸ್ತ್ರದಲ್ಲಿ ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ ಎನ್ನುವರು. ಈ ಹೊಣೆಯು ಗಿರಾಕಿಯ ಮನಸ್ಸನ್ನು ಎಷ್ಟರಮಟ್ಟಿಗೆ ಒಲಿಸಬಲ್ಲುದೆಂಬುದನ್ನು ಕಾಫಿ ಅಂಗಡಿಗಳ ನಿದರ್ಶನದಿಂದ ಪರಿಶೀಲಿಸೋಣ.

ಗಿರಾಕಿಯು ಮೊದಲು ನೋಡುವುದು ರುಚಿ, ಬೆಲೆ ಮತ್ತು ಶುಚಿ, ಇದರಲ್ಲಿ ಸಂದೇಹವಿಲ್ಲ. ಕಾಫಿ ಕೆಟ್ಟಿದ್ದರೆ ಧರ್ಮಕಾರ್ಯದ ಹೆಸರು ಹೇಳಿ ಅದನ್ನು ಕುಡಿಸಲಾಗದು. ಆದರೆ ಈ ಮೂರೂ ಸಮನಾಗಿರುವಲ್ಲಿ ಮನಸ್ಸು ವಾಲುವುದು ವಿಶ್ವಾಸವಿರುವ ಕಡೆಗೆ. ಈ ವಿಶ್ವಾಸ ಹುಟ್ಟುವುದು ಹೇಗೆ?

ಬ್ರಿಟನ್ನಿನ ಉದಾಹರಣೆ ಬೋಧಪ್ರದವಾಗಿದೆ. ಸ್ಟಾರ್‌ಬಕ್ಸ್ ಕಂಪನಿಯು 2004ರಲ್ಲಿಯೇ ಕಾಫಿ ಬೆಳೆಗಾರರ ಹಿತಕ್ಕಾಗಿ ಖರೀದಿಯ ನಿಯಮಗಳನ್ನು ರಚಿಸಿಕೊಂಡಿತ್ತು. ಆದರೆ ಅದು ಬ್ರಿಟನ್ನಿನಲ್ಲಿ 14 ವರ್ಷಗಳಲ್ಲಿ 300 ಕೋಟಿ ಪೌಂಡುಗಳಿಗೂ ಮಿಕ್ಕಿ ವ್ಯಾಪಾರ ಮಾಡಿ, ಕಂಪನಿ ತೆರಿಗೆಯಾಗಿ ಕೇವಲ 86 ಲಕ್ಷ ಪೌಂಡ್ ಕೊಟ್ಟಿದೆಯೆಂಬ ವರದಿ 2012ರಲ್ಲಿ ಹೊರಬಿತ್ತು. ಕಾನೂನನ್ನು ಮುರಿದ ಆಪಾದನೆ ಇರಲಿಲ್ಲ. ಆದರೂ ಜನರು ಅಂಗಡಿಗಳ ಮುಂದೆ ಪ್ರತಿಭಟಿಸಿದರು. ಅದೇ ಡಿಸೆಂಬರಿನಲ್ಲಿ ಕಂಪನಿಯು ಎರಡು ವರ್ಷಗಳಲ್ಲಿ 2 ಕೋಟಿ ಪೌಂಡ್ ಕೊಡಲು ಮುಂದಾಯಿತು. ಒಂದು ಕೈಯ ಸತ್ಕಾರ್ಯವನ್ನು ತೋರಿಸಿ ಇನ್ನೊಂದು ಕೈಯ ನಡೆಯನ್ನು ಮರೆಸಲಾಗದೆಂಬುದು ಇದರಿಂದ ಸ್ಪಷ್ಟ.

ನಮ್ಮ ದೇಶದಲ್ಲಿ 2013ರ ಕಂಪನಿ ಕಾಯಿದೆಯ 135ನೆಯ ಕಲಮು ಈ ಹೊಣೆಯನ್ನು ಶಾಸನವನ್ನಾಗಿಸಿತು. ನಿಗದಿತ ಪ್ರಮಾಣವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕು. ಆದರೆ ತನ್ನ ನೌಕರರ ಹಿತಕ್ಕೆಂದೇ ಮಾಡಿದ ವೆಚ್ಚವೂ ನಿತ್ಯದ ವ್ಯವಹಾರದ ವೆಚ್ಚವೂ ಈ ಲೆಕ್ಕಕ್ಕೆ ಸೇರುವುದಿಲ್ಲ. ಗಿರಾಕಿಯ ಕಣ್ಣಿಗೆ ಬೀಳುವುದಾದರೋ ಲೋಟ ತಂದಿಡುವ ಮಾಣಿಯೇ ಹೊರತು ವಾರ್ಷಿಕ ವರದಿಯ ಪುಟವಲ್ಲ. ಆ ಮಾಣಿಯ ಸಂಬಳವಾಗಲಿ, ಕೊಡಗು ಚಿಕ್ಕಮಗಳೂರುಗಳ ಬೆಳೆಗಾರನಿಗೆ ಕೊಟ್ಟ ಬೆಲೆಯಾಗಲಿ ಶಾಸನದ ಶೇಕಡಾ 2ರೊಳಗೆ ಬರುವುದಿಲ್ಲ.

ಈ ಕೊರತೆಯನ್ನು ನೀಗಿಸಿಕೊಂಡ ಅಂಗಡಿಗಳೂ ಇವೆ. ಕಾಫಿ ಮಂಡಲಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ತೊಡಗಿದಾಗ, ಕೆಲಸಗಾರರು ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಅಲ್ಲಿ ಬಡಿಸುವವನೇ ಒಡೆಯ. ಹುಬ್ಬಳ್ಳಿಯಲ್ಲಿ 2017ರಲ್ಲಿ ಆರಂಭವಾದ ಮಿಟ್ಟಿ ಕೆಫೆಯಲ್ಲಿ ಅಂಗವಿಕಲರೇ ದುಡಿಯುತ್ತಾರೆ. ಅಲ್ಲಿಗೆ ಮೊದಲ ದಿನ ಕನಿಕರದಿಂದ ಹೋದವರೂ ಉಂಟು. ಆದರೆ ಎರಡನೆಯ ಸಲ ಕರೆತರಬೇಕಾದುದು ಕಾಫಿಯೇ. ಆಗ ಕನಿಕರವು ಗೌರವವಾಗಿ ಮಾರ್ಪಡುವುದು.

ಆದುದರಿಂದ, ಲಾಭದಲ್ಲಿ ಒಂದು ಪಾಲನ್ನು ದಾನಮಾಡುವುದು ಒಳ್ಳೆಯದೇ. ಆ ಲಾಭವನ್ನು ನ್ಯಾಯವಾಗಿ ಗಳಿಸುವುದು ಅದಕ್ಕಿಂತ ಮೇಲು. ಗಿರಾಕಿಗಳಾದ ನಮ್ಮ ಹೊಣೆಯೂ ಇಲ್ಲಿದೆ. ಕಾಫಿ ಅಗ್ಗವಾಗಿರಬೇಕು, ಬೆಳೆದವನೂ ಬಡಿಸಿದವನೂ ಸುಖವಾಗಿರಬೇಕು ಎಂದು ಒಂದೇ ಉಸಿರಿನಲ್ಲಿ ಬಯಸುವ ನಾವು, ಎರಡನೆಯದಕ್ಕಾಗಿ ಒಂದೆರಡು ರೂಪಾಯಿ ಹೆಚ್ಚು ತೆರಲು ಸಿದ್ಧರಿದ್ದೇವೆಯೇ ಎಂಬುದನ್ನು ವಿಚಾರಿಸಿಕೊಳ್ಳಬೇಕು.