ಬಿಡುಗಡೆಯ ನಂತರ ನೆಲೆ: ಬಂದಿಗಳ ಪುನರ್ವಸತಿಯ ಮೊದಲ ಮೆಟ್ಟಿಲು

ಕಾರಾಗೃಹದಿಂದ ಹೊರಬಂದ ವ್ಯಕ್ತಿಗೆ ಎದುರಾಗುವ ಮೊದಲ ಪ್ರಶ್ನೆ, ಆ ರಾತ್ರಿ ತಂಗುವುದೆಲ್ಲಿ ಎಂಬುದು. ನೆಲೆಯಿಲ್ಲದವರಿಗೆ ವಿಳಾಸವಿಲ್ಲ; ವಿಳಾಸವಿಲ್ಲದವರಿಗೆ ಪಡಿತರ ಚೀಟಿ, ಬ್ಯಾಂಕ್ ಖಾತೆ, ಉದ್ಯೋಗ ಎಲ್ಲವೂ ದುರ್ಲಭ. ಉತ್ತರ ಕರ್ನಾಟಕದಿಂದ ಮುಂಬಯಿ, ಪುಣೆಗಳಿಗೆ ದುಡಿಯಲು ಹೋದವರಿಗೆ ಈ ಕಷ್ಟ ಇಮ್ಮಡಿ. ಬಾಡಿಗೆಯ ಕೋಣೆ ಕೈಬಿಟ್ಟಿರುತ್ತದೆ. ಊರಿನ ಸಂಪರ್ಕವೂ ಕಡಿದಿರುತ್ತದೆ.

ಸಿದ್ಧತೆ ಯಾವಾಗ?

1980ರಲ್ಲಿ ನೇಮಕಗೊಂಡು 1983ರಲ್ಲಿ ವರದಿ ಸಲ್ಲಿಸಿದ ನ್ಯಾಯಮೂರ್ತಿ ಎ.ಎನ್. ಮುಲ್ಲಾ ಸಮಿತಿಯು ಬಿಡುಗಡೆಯ ನಂತರದ ಆರೈಕೆಗೆ ಮಹತ್ವ ನೀಡಿತು. 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವಿದೆ. ಆದರೆ ಸಂವಿಧಾನದ 7ನೆಯ ಅನುಸೂಚಿಯಂತೆ ಕಾರಾಗೃಹಗಳು ರಾಜ್ಯಗಳ ವಿಷಯವಾದ್ದರಿಂದ ಸೌಲಭ್ಯಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿವೆ. ಆದಕಾರಣ ಬಿಡುಗಡೆಗೆ ಕೆಲವು ತಿಂಗಳ ಮೊದಲೇ ಕಾರಾಗೃಹದ ಕಲ್ಯಾಣಾಧಿಕಾರಿಯನ್ನು ವಿಚಾರಿಸುವುದು ಉಚಿತ. ಗುರುತಿನ ಪತ್ರಗಳನ್ನು ಮನೆಯವರಿಂದ ತರಿಸಿಕೊಳ್ಳಬೇಕು. ಬಂದಿಗಳ ದುಡಿಮೆಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ತೀರ್ಪಿತ್ತಿದೆ. ಆ ಕೂಲಿಯ ಉಳಿತಾಯ ಬಾಡಿಗೆಯ ಮುಂಗಡಕ್ಕೆ ಆಧಾರವಾಗಬಲ್ಲದು.

ಸ್ವಂತ ಮನೆಯ ಹಕ್ಕು

ಸೆರೆವಾಸ ಅನುಭವಿಸಿದ ಮಾತ್ರಕ್ಕೆ ಪಿತ್ರಾರ್ಜಿತ ಮನೆಯ ಪಾಲು ನಷ್ಟವಾಗುವುದಿಲ್ಲ. ಕೊಲೆಗೈದವನು ಕೊಲೆಯಾದವನ ಆಸ್ತಿಗೆ ವಾರಸುದಾರನಾಗಲಾರನೆಂಬುದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ನಿಯಮ. ಇತರ ಅಪರಾಧಗಳಿಗೆ ಅದು ಅನ್ವಯಿಸದು. ಮಡದಿಯನ್ನು ಮನೆಯಿಂದ ಹೊರಹಾಕಿದಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾನೂನಿನಡಿ ಆಕೆ ವಾಸದ ಹಕ್ಕನ್ನು ಕೋರಬಹುದು.

ತಾತ್ಕಾಲಿಕ ಆಶ್ರಯ

ಮನೆಗೆ ಮರಳಲಾಗದವರು ನಗರಪಾಲಿಕೆಯ ರಾತ್ರಿ ವಸತಿಗೃಹವನ್ನು ಆಶ್ರಯಿಸಬಹುದು. ಸಂಕಷ್ಟದಲ್ಲಿರುವ ಮಹಿಳೆಯರಿಗೆ, ಹಿಂದೆ ಸ್ವಾಧಾರ ಗೃಹವೆನಿಸಿ 2022ರಿಂದ ಶಕ್ತಿ ಸದನವೆಂಬ ಹೆಸರು ಪಡೆದ ಆಶ್ರಯಧಾಮಗಳಿವೆ. ಮುಂಬಯಿಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು 1990ರಲ್ಲಿ ಆರಂಭಿಸಿದ 'ಪ್ರಯಾಸ್' ಬಂದಿಗಳ ಹಾಗೂ ಬಿಡುಗಡೆಯಾದವರ ಪುನರ್ವಸತಿಗೆ ಶ್ರಮಿಸುತ್ತಿದೆ.

ಬಾಡಿಗೆ ಮನೆ

ಪೊಲೀಸ್ ಪರಿಶೀಲನೆಯ ನಮೂನೆಯಲ್ಲಿ ಸುಳ್ಳು ವಿವರ ಬರೆಯಬಾರದು. ಬಿಡುಗಡೆಯ ಪತ್ರವನ್ನು ಜೋಪಾನವಾಗಿಡಬೇಕು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾನೂನಿನಂತೆ ಕರಾರು ಲಿಖಿತವಾಗಿದ್ದು ನೋಂದಣಿಯಾಗಿರಬೇಕು. ನೋಂದಾಯಿಸುವ ಹೊಣೆ ಮಾಲೀಕನದು. ನೋಂದಾಯಿತ ಕರಾರೇ ಮುಂದೆ ವಿಳಾಸದ ಪುರಾವೆಯೂ ಆಗುತ್ತದೆ.

ತಗಾದೆಯೆದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಬಹುದು, ಸಹಾಯವಾಣಿ 15100. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಲ್ಪ ಆದಾಯದವರು ಉಚಿತ ನೆರವಿಗೆ ಅರ್ಹರು.

ಇಷ್ಟೆಲ್ಲ ಇದ್ದರೂ ಕೋಣೆಯ ಬೀಗದ ಕೈ ಇರುವುದು ನೆರೆಹೊರೆಯವರ ಬಳಿಯೇ. ನ್ಯಾಯಾಲಯ ವಿಧಿಸಿದ ಶಿಕ್ಷೆಗೆ ಒಂದು ಅವಧಿಯುಂಟು; ಸಮಾಜ ಅದನ್ನು ಮುಂದುವರಿಸುವುದು ತರವಲ್ಲ. ಪರನಾಡಿನ ಕನ್ನಡ ಸಂಘಗಳು ಇಂಥವರಿಗೊಂದು ಪರಿಚಯಪತ್ರ ಬರೆದುಕೊಟ್ಟರೂ ಅದು ದೊಡ್ಡ ಉಪಕಾರವೇ ಸರಿ.