ಮಸೆಗಲ್ಲು ಮತ್ತು ಚರ್ಮದ ಪಟ್ಟಿ

ಕತ್ತಿಯನ್ನು ಹರಿತಗೊಳಿಸುವುದು ಒಂದು ಕೆಲಸ. ಆ ಹರಿತವನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಮೊದಲನೆಯದು ಕಲ್ಲಿನಿಂದ ಆಗತಕ್ಕದ್ದು, ಎರಡನೆಯದು ಚರ್ಮದಿಂದ. ಈ ಭೇದವನ್ನರಿಯದವನು ಒಳ್ಳೆಯ ಅಲಗನ್ನು ದಿನವೂ ಕಲ್ಲಿಗೆ ತಿಕ್ಕಿ ಸವೆಸುತ್ತಾನೆ. ಇಲ್ಲವೆ ಮೊಂಡಾದ ಅಲಗನ್ನು ಚರ್ಮದ ಮೇಲೆ ಎಳೆದೆಳೆದು ಬಳಲುತ್ತಾನೆ. ರಾಯಚೂರಿನ ಪೇಟೆಬೀದಿಗಳಲ್ಲಿಯೂ ದೇವದುರ್ಗ, ಮಾನ್ವಿಗಳ ಸಂತೆಗಳಲ್ಲಿಯೂ ಕ್ಷೌರಕಾಯಕ ನಡೆಸುತ್ತಿದ್ದ ಹಿರಿಯರು ಇದನ್ನು ಯಾವ ಗ್ರಂಥದ ನೆರವೂ ಇಲ್ಲದೆ ಬಲ್ಲವರಾಗಿದ್ದರು. ಅವರ ಹಡಪದಲ್ಲಿ ಕತ್ತಿ, ಕತ್ತರಿಗಳೊಡನೆ ಸಣ್ಣದೊಂದು ಕಲ್ಲೂ ಮೂರು ಬೆರಳಗಲದ ಚರ್ಮದ ಪಟ್ಟಿಯೂ ಇರುತ್ತಿದ್ದವು. ಆ ಪಟ್ಟಿ ಇಂದು ಬಹುಮಟ್ಟಿಗೆ ಕಣ್ಮರೆಯಾಗಿದೆ. ಅದು ಕಲಿಸುತ್ತಿದ್ದ ಪಾಠವಾದರೂ ಉಳಿಯಬೇಕಾಗಿದೆ.

ಮೊದಲು ಶಬ್ದಗಳನ್ನು ನೋಡಬಹುದು. 'ಸಾಣೆ' ಎಂಬುದು ಸಂಸ್ಕೃತದ 'ಶಾಣ' ಶಬ್ದದ ತದ್ಭವ. 'ಮಸೆ' ಎಂಬುದು ಅಚ್ಚಗನ್ನಡ ಧಾತು. ಹಲ್ಲು ಮಸೆಯುವುದು, ಕತ್ತಿ ಮಸೆಯುವುದು ಎಂಬ ನುಡಿಗಟ್ಟುಗಳಲ್ಲಿ ಅದಕ್ಕೆ ದ್ವೇಷದ ಅರ್ಥ ಅಂಟಿಕೊಂಡಿದೆಯಾದರೂ, ಮೂಲದಲ್ಲಿ ಅದು ಉಪಕರಣವನ್ನು ಜೋಪಾನ ಮಾಡುವವನ ಕ್ರಿಯೆ. 'ಕ್ಷುರ' ಎಂದರೆ ಬೋಳಿಸುವ ಕತ್ತಿ. ಕ್ಷೌರ, ಕ್ಷೌರಿಕ ಎಂಬ ಶಬ್ದಗಳು ಅದರಿಂದಲೇ ಹುಟ್ಟಿದವು. 'ಹಡಪ' ಎಂಬುದಕ್ಕೆ ಎಲೆಯಡಿಕೆಯ ಚೀಲವೆಂಬ ಅರ್ಥವೂ ಕ್ಷೌರಿಕನ ಚೀಲವೆಂಬ ಅರ್ಥವೂ ಉಂಟು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆಗೆ ಉರ್ದು ನುಡಿಯ ಬಳಕೆಯೂ ಹೊಸತಲ್ಲ. ಆ ನುಡಿಯಲ್ಲಿ ಕತ್ತಿಗೆ 'ಉಸ್ತರಾ' ಎಂದೂ ಚರ್ಮದ ಪಟ್ಟಿಗೆ 'ಚಮೋಟಾ' ಎಂದೂ ಹೆಸರು.

ಅಲಗನ್ನು ಕಲ್ಲಿಗೆ ಉಜ್ಜಿ ಹದಗೊಳಿಸುವ ವಿದ್ಯೆ ಈ ನೆಲದಲ್ಲಿ ಕಬ್ಬಿಣಕ್ಕಿಂತಲೂ ಹಳೆಯದು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬಿನಲ್ಲಿರುವ ಪಿಕ್ಲಿಹಾಳದ ಉತ್ಖನನವನ್ನು ಕುರಿತು ಎಫ್. ಆರ್. ಆಲ್ಚಿನ್ ಅವರು ಬರೆದ ವರದಿ 1960ರಲ್ಲಿ ಪ್ರಕಟವಾಯಿತು. ನವಶಿಲಾಯುಗದ ಜನ ಕಲ್ಲುಗೊಡಲಿಗಳನ್ನು ತಿಕ್ಕಿ ನುಣುಪುಗೊಳಿಸಿ ಬಾಯಿ ತೆಗೆಯುತ್ತಿದ್ದುದು ಇಂತಹ ನೆಲೆಗಳಿಂದ ತಿಳಿದುಬರುತ್ತದೆ. ಹರಿತ ಮಾಡುವುದು, ಹರಿತವನ್ನು ಕಾಯುವುದು ಎಂಬ ವಿಭಾಗವನ್ನು ಸ್ಪಷ್ಟವಾಗಿ ಹೇಳಿದ್ದು ಶಾಸ್ತ್ರಗ್ರಂಥ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಮಸೆಯಲು ಉದ್ದಿನ ಬಣ್ಣದ ನುಣುಪಾದ ಶಿಲೆಯನ್ನೂ, ಮಸೆದ ಧಾರೆಯನ್ನು ನೆಲೆಗೊಳಿಸಲು ಬೂರುಗದ ಮರದ ಹಲಗೆಯನ್ನೂ ವಿಧಿಸಲಾಗಿದೆ. ಛೇದಿಸುವ ಶಸ್ತ್ರದ ಧಾರೆ ಅರ್ಧ ಕೂದಲಿನಷ್ಟಿರಬೇಕೆಂದೂ, ಕೂದಲನ್ನು ಕತ್ತರಿಸಬಲ್ಲ ಶಸ್ತ್ರವನ್ನೇ ಪ್ರಯೋಗಿಸಬೇಕೆಂದೂ ಅಲ್ಲಿ ಹೇಳಿದೆ. ಅಲ್ಲಿ ಮೃದುವಾದ ಮರ ಮಾಡುತ್ತಿದ್ದ ಕೆಲಸವನ್ನೇ ಕ್ಷೌರಿಕನ ಕೈಯಲ್ಲಿ ಚರ್ಮ ಮಾಡುತ್ತದೆ.

ಚರ್ಮದಂತಹ ಮೆತ್ತನೆಯ ವಸ್ತು ಉಕ್ಕಿಗೆ ಏನು ಮಾಡೀತು ಎಂಬ ಸಂದೇಹ ಸಹಜವಾದುದು. ಕಲ್ಲಿಗೆ ಉಜ್ಜಿದಾಗ ಉಕ್ಕು ಸವೆದು, ಎರಡು ಮೈಗಳು ಕೂಡುವ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಎಳೆಯೊಂದು ಎದ್ದು ನಿಲ್ಲುತ್ತದೆ. ಅದು ಒಂದು ಮಗ್ಗುಲಿಗೆ ಬಾಗಿರುವುದರಿಂದ ಅಲಗು ಕೊಯ್ಯುವ ಬದಲು ಪರಚುತ್ತದೆ. ಚರ್ಮದ ಮೇಲೆ ಎರಡೂ ಮಗ್ಗುಲುಗಳನ್ನು ಸಮವಾಗಿ ಎಳೆದಾಗ ಆ ಎಳೆ ನೆಟ್ಟಗಾಗುತ್ತದೆ, ಇಲ್ಲವೆ ಕಳಚಿ ಬೀಳುತ್ತದೆ, ಅಂಚು ನುಣುಪಾಗುತ್ತದೆ. ಬಳಕೆಯಿಂದ ಬಾಗಿದ ಅಂಚಿಗೂ ಇದೇ ಚಿಕಿತ್ಸೆ. ಮನುಷ್ಯನ ಕೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಒಳ್ಳೆಯ ಕ್ಷೌರಕತ್ತಿಯ ಅಂಚಿನ ಅಗಲ ಒಂದು ಮೈಕ್ರಾನಿಗಿಂತಲೂ ಕಡಿಮೆ. 2020ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ಸಂಶೋಧನೆಯೊಂದು, ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೃದುವಾದ ಕೂದಲೇ ಉಕ್ಕಿನ ಅಂಚಿನಿಂದ ಚೂರುಗಳನ್ನು ಎಬ್ಬಿಸಬಲ್ಲದೆಂದು ತೋರಿಸಿತು. ಅಂಚು ಎಲ್ಲಿ ಮೊದಲೇ ಒರಟಾಗಿದೆಯೋ ಅಲ್ಲಿಯೇ ಚೂರು ಏಳುವ ಸಂಭವ ಹೆಚ್ಚು. ಸಣ್ಣ ಒರಟನ್ನು ಅಂದಂದಿಗೆ ತಿದ್ದದಿದ್ದರೆ ಅದು ದೊಡ್ಡ ಮುಕ್ಕಾಗುವುದೆಂಬ ಹಳೆಯ ಅನುಭವಕ್ಕೆ ಇದು ಒಪ್ಪುವ ಮಾತು.

ಇನ್ನು ಪ್ರಯೋಗದ ಕ್ರಮ. ಕಲ್ಲಿನ ಮೇಲೆ ಅಲಗನ್ನು ಬಾಯಿ ಮುಂದಾಗಿಯೂ ನಡೆಸಬಹುದು. ಚರ್ಮದ ಮೇಲೆ ಹಾಗೆ ಮಾಡಕೂಡದು. ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಎಳೆಯಬೇಕು. ಇಲ್ಲದಿದ್ದರೆ ಚರ್ಮ ಸೀಳಿಹೋಗುತ್ತದೆ. ಕೊನೆ ಮುಟ್ಟಿದ ಮೇಲೆ ಕತ್ತಿಯನ್ನು ಬೆನ್ನಿನ ಮೇಲೆಯೇ ಹೊರಳಿಸಿ ಹಿಂದಕ್ಕೆ ತರಬೇಕು. ಬಾಯಿಯ ಮೇಲೆ ಹೊರಳಿಸಿದರೆ ಅಂಚು ಕೆಡುತ್ತದೆ. ಕ್ಷೌರಕತ್ತಿಯಾದರೆ ಬೆನ್ನೂ ಬಾಯೂ ಒಟ್ಟಿಗೆ ಚರ್ಮಕ್ಕೆ ತಾಗುವಂತೆ ಮಲಗಿಸಬೇಕು. ಅಡುಗೆಮನೆಯ ಚಾಕುವಾದರೆ ಮಸೆದ ಓರೆಗೆ ಅನುಗುಣವಾಗಿ, ಸಾಮಾನ್ಯವಾಗಿ 15ರಿಂದ 20 ಡಿಗ್ರಿಯಷ್ಟು, ಬೆನ್ನನ್ನು ಎತ್ತಿ ಹಿಡಿಯಬೇಕು. ಒಂದೊಂದು ಮಗ್ಗುಲಿಗೆ ಹತ್ತು ಹದಿನೈದು ಎಳೆತ ಸಾಕು. ತೂಗುವ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು. ಚಾಕುವಿಗಾದರೆ ಮರದ ಹಲಗೆಗೆ ಅಂಟಿಸಿದ ಚರ್ಮವೇ ಉತ್ತಮ.

ಕಲಿಯುವವರು ಹೆಚ್ಚಾಗಿ ತಪ್ಪುವುದು ಕೈಯ ಭಾರದಲ್ಲಿ. ಒತ್ತಿ ಎಳೆದರೆ ಬೇಗ ಹರಿತವಾದೀತೆಂಬುದು ಅವರ ಎಣಿಕೆ. ಆದರೆ ಒತ್ತಿದಾಗ ಮೆತ್ತನೆಯ ಚರ್ಮ ತಗ್ಗಿ, ಬಾಯಿಯ ಸುತ್ತ ಮೇಲೆದ್ದು, ಚೂಪಾದ ಅಂಚನ್ನು ಉರುಟಾಗಿಸುತ್ತದೆ. ಹರಿತಗೊಳಿಸಲು ಹೊರಟವನೇ ಹರಿತವನ್ನು ಕೆಡಿಸಿದಂತಾಗುತ್ತದೆ. ಕತ್ತಿಯ ತೂಕಕ್ಕಿಂತ ಹೆಚ್ಚಿನ ಭಾರ ಬೇಕಿಲ್ಲ. ನಿಜವಾಗಿ ಮೊಂಡಾದ, ಮುಕ್ಕಾದ ಅಲಗನ್ನು ಮಾತ್ರ ಕಲ್ಲಿಗೇ ಒಯ್ಯಬೇಕು. ಜೋಳ ಕೊಯ್ಯುವ ಕುಡುಗೋಲಿಗೂ ಕಲ್ಲೇ ಸಾಕು. ಕ್ರೋಮಿಯಂ ಆಕ್ಸೈಡಿನ ಹಸಿರು ಲೇಪವನ್ನು ಚರ್ಮಕ್ಕೆ ಸವರುವ ಪದ್ಧತಿಯೂ ಇದೆ. ಅದರ ನವುರಾದ ಕಣಗಳು ಅಲ್ಪಸ್ವಲ್ಪ ಉಕ್ಕನ್ನು ಸವೆಸುವುದರಿಂದ ಅದನ್ನು ಮಿತವಾಗಿ ಬಳಸತಕ್ಕದ್ದು.

ಇಷ್ಟು ಕೆಲಸ ಮಾಡುವ ಚರ್ಮ ತಾನಾಗಿ ಸಿದ್ಧವಾದುದಲ್ಲ. ಹಸಿಯ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಟ್ಟು, ಕೂದಲನ್ನೂ ಮಾಂಸವನ್ನೂ ಹೆರೆದು, ತಂಗಡಿಯ ಅಥವಾ ಜಾಲಿಯ ತೊಗಟೆಯ ರಸದಲ್ಲಿ ವಾರಗಟ್ಟಲೆ ಇಟ್ಟು ಹದ ಮಾಡಬೇಕು. ಹೀಗೆ ತೊಗಟೆಯಲ್ಲಿ ಹದಗೊಂಡ ಗಟ್ಟಿ ಚರ್ಮವೇ ಅಲಗಿಗೆ ತಕ್ಕುದು. ಕನ್ನಡ ನುಡಿ ಉಕ್ಕಿಗೂ ಚರ್ಮಕ್ಕೂ ಬಿತ್ತುವ ಹೊಲಕ್ಕೂ 'ಹದ' ಎಂಬ ಒಂದೇ ಮಾತನ್ನು ಕೊಟ್ಟಿರುವುದು ಗಮನಾರ್ಹ. ಕಮ್ಮಾರನೂ ಚರ್ಮ ಹದ ಮಾಡುವವನೂ ತಮ್ಮ ಹದವನ್ನು ಸಾಧಿಸಿದ ಮೇಲೆಯೇ ಕ್ಷೌರಿಕನ ಕೈಗೆ ಹದ ಬರುತ್ತದೆ.

ಇಲ್ಲಿ ನುಂಗಲಾರದ ಸತ್ಯವೊಂದನ್ನು ಹೇಳದೆ ವಿಧಿಯಿಲ್ಲ. ಚರ್ಮವನ್ನು ಹದ ಮಾಡಿದವನ ಕೈಯ ಪಟ್ಟಿ ಕ್ಷೌರದಂಗಡಿಯ ಒಳಗೆ ತೂಗುತ್ತಿತ್ತು. ಎಷ್ಟೋ ಊರುಗಳಲ್ಲಿ ಅದನ್ನು ಮಾಡಿದವನು ಮಾತ್ರ ಹೊರಗೆ ನಿಲ್ಲಬೇಕಾಗಿತ್ತು. ಪಟ್ಟಿಗೆ ಇಲ್ಲದ ಮೈಲಿಗೆ ಅವನ ತಲೆಗೆ ಅಂಟಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ 'ಅಂಗಡಿ' ಎಂಬ ಶಬ್ದದಲ್ಲಿ ಕ್ಷೌರದಂಗಡಿಯನ್ನೂ ಹೆಸರಿಸಿ ಸೇರಿಸಬೇಕಾಗಿ ಬಂದುದು ಈ ಕಾರಣದಿಂದಲೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ತೊಗಲಿನ ಕಾಯಕದ ಡೋಹರ ಕಕ್ಕಯ್ಯ, ಪಾದರಕ್ಷೆಯ ಕಾಯಕದ ಹರಳಯ್ಯ, ಇಂದು ಕ್ಷೌರಿಕ ಸಮಾಜ ತನ್ನ ಗುರುವೆಂದು ಭಾವಿಸುವ ಹಡಪದ ಅಪ್ಪಣ್ಣ, ಇವರೆಲ್ಲರೂ ಶರಣರ ಒಂದೇ ಗೋಷ್ಠಿಯಲ್ಲಿ ಕುಳಿತವರು. ಅವರ ಜಯಂತಿಗಳನ್ನು ಆಚರಿಸುವ ಊರಿನಲ್ಲಿ ಯಾರೊಬ್ಬರಿಗಾದರೂ ಕ್ಷೌರದಂಗಡಿಯ ಬಾಗಿಲು ಮುಚ್ಚಿದರೆ, ಆ ಆಚರಣೆ ಮೊಂಡಾದ ಕತ್ತಿಯಂತೆ ಹೊಳೆದೀತೇ ಹೊರತು ಕೊಯ್ಯಲಾರದು.

ಪಟ್ಟಿ ಮರೆಯಾದುದಕ್ಕೆ ಕಾರಣಗಳುಂಟು. 1904ರಲ್ಲಿ ಅಮೆರಿಕದ ಕಿಂಗ್ ಜಿಲೆಟ್ ಅವರಿಗೆ ಬದಲಾಯಿಸಬಹುದಾದ ಬ್ಲೇಡಿನ ರೇಜರಿಗಾಗಿ ಪೇಟೆಂಟ್ ದೊರೆಯಿತು. ಮಸೆಯುವ ಅಗತ್ಯವಿಲ್ಲದ ಅಲಗು ಕ್ರಮೇಣ ಮನೆಮನೆಗೆ ಬಂದಿತು. 1986ರಲ್ಲಿ ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದ ಮೇಲೆ, ಒಬ್ಬರಿಗೆ ಬಳಸಿದ ಅಲಗನ್ನು ಇನ್ನೊಬ್ಬರಿಗೆ ಬಳಸಬಾರದೆಂಬ ಅರಿವು ಹರಡಿತು. ಕಾಮಾಲೆಯ ಬಿ ಬಗೆಯ ಸೋಂಕೂ ರಕ್ತದ ಮೂಲಕವೇ ಹರಡತಕ್ಕದ್ದು. ಉಕ್ಕನ್ನು ಕುದಿಸಿ ಶುದ್ಧಿಮಾಡಬಹುದು. ಚರ್ಮವನ್ನು ಕುದಿಸಿದರೆ ಅದು ಹಾಳಾಗುತ್ತದೆ. ಆದುದರಿಂದ ಹಲವರ ಕತ್ತಿಗೆ ಒಂದೇ ಪಟ್ಟಿ ಎಂಬ ಪದ್ಧತಿ ಅಳಿದುದು ಒಳಿತೇ ಆಯಿತು. ಅದಕ್ಕಾಗಿ ಕೊರಗಬೇಕಾದುದಿಲ್ಲ.

ಆದರೆ ಅಡುಗೆಮನೆಯ ಚಾಕುವಿಗೆ, ಬಡಗಿಯ ಉಳಿಗೆ, ಚಮ್ಮಾರನ ರಂಪಿಗೆಗೆ ಚರ್ಮದ ಪಟ್ಟಿ ಇಂದಿಗೂ ಸಲ್ಲುತ್ತದೆ. ಹಳೆಯ ಸೊಂಟಪಟ್ಟಿಯ ಗಟ್ಟಿ ಚರ್ಮದ ತುಂಡೊಂದನ್ನು ಹಲಗೆಗೆ ಅಂಟಿಸಿದರೆ ಶಾಲೆಯ ಕರಕುಶಲ ಕೊಠಡಿಗೆ ಅಷ್ಟು ಸಾಕು. ಹಿರಿಯ ತರಗತಿಯ ವಿದ್ಯಾರ್ಥಿಗಳು ಉಪಾಧ್ಯಾಯರ ಎದುರಿನಲ್ಲಿಯೇ ಇದನ್ನು ಅಭ್ಯಾಸ ಮಾಡಿ, ಮಸೆಯುವ ಮೊದಲೂ ಅನಂತರವೂ ಒಂದು ಕಾಗದವನ್ನು ಕೊಯ್ದು ನೋಡಿದರೆ ಭೇದ ತಾನೇ ತಿಳಿಯುತ್ತದೆ. ಹರಿತವಾದ ಉಳಿ ಹೇಳಿದ ಕಡೆ ಹೋಗುತ್ತದೆ. ಮೊಂಡು ಉಳಿಗೆ ಬಲ ಹಾಕಬೇಕಾಗುವುದರಿಂದ ಅದು ಜಾರಿ ಕೈಯನ್ನು ಗಾಯಗೊಳಿಸುತ್ತದೆ.

ಅಧ್ಯಾಪಕರಿಗೂ ಇದರಲ್ಲಿ ಗ್ರಾಹ್ಯವಾದುದು ಇದೆ. ಪರೀಕ್ಷೆ, ದಂಡನೆಗಳೆಂಬ ಕಲ್ಲು ಎಂದೋ ಒಮ್ಮೆ ಬೇಕಾದೀತು. ಅದರಿಂದ ಪ್ರತಿಬಾರಿಯೂ ಅಲಗು ಒಂದಿಷ್ಟು ಸವೆಯುತ್ತದೆ. ನಿತ್ಯ ಬೇಕಾದುದು ಪಾಠ ಮುಗಿದೊಡನೆ ನಡೆಯುವ ಹಗುರವಾದ ತಿದ್ದುಗೆ. ಕೈಭಾರ ಹೆಚ್ಚಾದರೆ ಮಗುವಿನ ಬುದ್ಧಿಯ ಅಂಚೂ ಉರುಟಾಗುತ್ತದೆ. ಕತ್ತಿಯನ್ನು ಕಟ್ಟಿಡುವ ಮೊದಲು ನಾಲ್ಕು ಬಾರಿ ಪಟ್ಟಿಗೆ ಎಳೆದಿಡುತ್ತಿದ್ದ ಸಂತೆಯ ಕ್ಷೌರಿಕ ಮರುದಿನ ತನ್ನ ಮುಂದೆ ಕುಳಿತುಕೊಳ್ಳುವ, ಹೆಸರೂ ತಿಳಿಯದ ಒಬ್ಬನ ಕೆನ್ನೆಗಾಗಿ ಅದನ್ನು ಮಾಡುತ್ತಿದ್ದನು.